ಮೋಖೆಲೆ ಕೆಡವಿದ ಕೊಂಬಿನವನು

ಬಂದೂಕಿನ ಯುದ್ಧ ಮುಗಿದು ಹದಿನೆಂಟು ವರ್ಷವಾಗಿತ್ತು. ಆದರೆ ಮೋಖೆಲೆಯ ಪಾಲಿಗೆ ಅದು ಊರಿನ ಪ್ರತಿ ಮದುವೆಯಲ್ಲೂ ಇನ್ನೊಮ್ಮೆ ನಡೆಯುತ್ತಿತ್ತು. ಜೋಳದ ಹೆಂಡದ ಮಡಕೆ ಅರ್ಧಕ್ಕೆ ಇಳಿಯಿತೋ ಇಲ್ಲವೋ, ಅವನು ಕಂಬಳಿಯನ್ನು ಎಡಭುಜಕ್ಕೆ ಎಸೆದು, ಕೋಲು ಹಿಡಿದು, ಗಂಡಸರ ನಡುವೆ ಎದ್ದು ನಿಲ್ಲುತ್ತಿದ್ದ. ದಕ್ಷಿಣ ಆಫ್ರಿಕೆಯ ಆ ಬೆಟ್ಟನಾಡಿನ ಬಸೂತೊ ಜನರಲ್ಲಿ ಗಂಡಸಾದವನು ತನ್ನ ಬಿರುದಿನ ಪದವನ್ನು ತಾನೇ ಕಟ್ಟಿ ತಾನೇ ಹೇಳಿಕೊಳ್ಳಬೇಕು, ಅದರಲ್ಲಿ ಸಂಕೋಚಪಡುವಂಥದ್ದೇನಿಲ್ಲ. ಮೋಖೆಲೆ ಪಡುತ್ತಲೂ ಇರಲಿಲ್ಲ.

"ಮಂಜಿನೊಳಗಿಂದ ಬಂದ ಕರಿಮೈಯವನು,
ಹಣೆಯ ಮೇಲೆ ಬಿಳಿ ನಕ್ಷತ್ರ ಹೊತ್ತವನು,
ಒಂದು ಕೊಂಬು ಮುಗಿಲಿಗೆ, ಒಂದು ಕೊಂಬು ನೆಲಕ್ಕೆ ಮಾಡಿದವನು.
ಮೋಖೆಲೆಯ ಬಂದೂಕು ಒಂದೇ ಮಾತಾಡಿತು,
ಬೆಟ್ಟದಲ್ಲಿ ನಲವತ್ತು ಗಂಡಸರ ಹಸಿವು ಹಿಂಗಿತು!"

ಕೇಳುವವರಿಗೆ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಕರಿಮೈ ಎಂದರೆ ಕೇಪಿನ ಬಿಳಿಯರ ಸರ್ಕಾರದ ಕಡೆಯ ಸಾಹೇಬನ ಕರಿಯ ಕೋಟು. ನಕ್ಷತ್ರ ಎಂದರೆ ಟೋಪಿಯ ಬಿಲ್ಲೆ. ನೆಲ ನೋಡುವ ಕೊಂಬು ಅದೇ ಟೋಪಿಯ ಜೋಲುಗರಿ. ಹಸಿವು, ಸೇಡಿನ ಹಸಿವು. ಗಂಡಸರು ಹೋ ಎನ್ನುತ್ತಿದ್ದರು. ಆಚೆ ಕುಳಿತ ಹೆಂಗಸರ ಗುಂಪಿನಿಂದ ಮಾತ್ರ ಒಂದು ಕೆಮ್ಮು ಕೇಳಿಬರುತ್ತಿತ್ತು. ಅದು ಅವನ ಹೆಂಡತಿ ಮಾಲೆರಾತೊಳ ಕೆಮ್ಮು. ಮೋಖೆಲೆ ಆ ಕಡೆ ತಿರುಗುತ್ತಿರಲಿಲ್ಲ.

ಅವನು ಪದದಲ್ಲಿ ಒಂದಕ್ಷರವೂ ಸುಳ್ಳು ಹೇಳಿರಲಿಲ್ಲ. ಪೇಚಾಟವೆಲ್ಲ ಅದೇ.

ಮೋಖೆಲೆ ಹುಟ್ಟು ಬೇಸಾಯಗಾರ. ಅವನ ಜೋಳದ ತೆನೆ ಅಕ್ಕಪಕ್ಕದ ಹೊಲದವರ ತೆನೆಗಿಂತ ಒಂದು ಗೇಣು ಮೇಲೇ ನಿಲ್ಲುತ್ತಿತ್ತು. ಕುಂಟುವ ಎತ್ತಿನ ಗೊರಸು ಮುಟ್ಟಿ ನೋಡಿ ಮುಳ್ಳು ಎಲ್ಲಿದೆ ಎನ್ನುತ್ತಿದ್ದ. ಹೊಟ್ಟೆ ಉಬ್ಬರಿಸಿದ ಹಸುವಿಗೆ ಯಾವ ಬೇರು ಅರೆದು ಕುಡಿಸಬೇಕೆಂದು ಕೇಳಲು ಮೂರು ಊರಿನವರು ಬರುತ್ತಿದ್ದರು. ಇದೆಲ್ಲ ಅವನಿಗೆ ಉಸಿರಾಡಿದಷ್ಟು ಸಲೀಸು, ಆದ್ದರಿಂದ ಹೆಮ್ಮೆಯಿರಲಿಲ್ಲ. ಅವನ ಹೆಮ್ಮೆಯೆಲ್ಲ ಬಂದೂಕಿನ ಮೇಲೆ. ಇಪ್ಪತ್ತರ ಹರೆಯದಲ್ಲಿ ಓರಗೆಯವರ ಜೊತೆ ಕಿಂಬರ್ಲಿಯ ವಜ್ರದ ಗುಂಡಿಗೆ ನಡೆದುಹೋಗಿ, ಏಳು ತಿಂಗಳು ಮಣ್ಣು ಅಗೆದು ಹೊತ್ತು, ಆ ಕೂಲಿಯಲ್ಲಿ ಬಂದೂಕು ಕೊಂಡು ಹೆಗಲಿಗೇರಿಸಿಕೊಂಡು ಬಂದಿದ್ದ. ಅದು ಸಾಕಷ್ಟು ಹಳೆಯದು. ಅದರ ಕುದುರೆ ಎಳೆದಾಗ ಗುಂಡು ಹಾರುತ್ತಿತ್ತು, ಅದಕ್ಕೆ ಮನಸ್ಸಾದರೆ.

ಹಾಗೆ ದುಡಿದು ತಂದ ಬಂದೂಕನ್ನು ತಂದೊಪ್ಪಿಸಿ ಎಂದು ಕೇಪಿನ ಸರ್ಕಾರ ಅಪ್ಪಣೆ ಮಾಡಿತು. ಕೆಲವರು ಒಪ್ಪಿಸಿದರು. ಹೆಚ್ಚಿನವರು ಕುದುರೆಗೆ ಜೀನು ಬಿಗಿದರು. ಮೋಖೆಲೆಯೂ ಬಿಗಿದ. ಬಸುರಿ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿರುವಾಗ ಅವನು ಕುದುರೆಯ ಮೇಲೆ ಹೇಗೆ ಕುಳಿತಿದ್ದನೆಂದರೆ, ಯುದ್ಧ ಆಗಲೇ ಗೆದ್ದು ಬಂದವನ ಹಾಗೆ.

ದಂಡು ಕೂಡಿಸುತ್ತಿದ್ದ ಸೀಮೆಯ ಗೌಡ ಅವನನ್ನು ಮೇಲಿಂದ ಕೆಳಗೆ ನೋಡಿದ. "ನೀನು ಬೇಸಾಯದ ಮೋಖೆಲೆ ಅಲ್ವಾ? ಒಳ್ಳೇದಾಯ್ತು ಬಾ. ನಮ್ಮ ದನ, ಬಂದೂಕು ಕೊಟ್ಟೋರ ಹಟ್ಟಿಯಿಂದ ಹೊಡ್ಕೊಂಡು ಬಂದ ದನ, ಎಲ್ಲಾ ಸೇರಿ ಮುನ್ನೂರು ಚಿಲ್ಲರೆ ಇವೆ. ಮೇಲಿನ ಬೆಟ್ಟಕ್ಕೆ ಹೊಡ್ಕೊಂಡು ಹೋಗು. ಒಂದೂ ಸಾಯಬಾರದು."

"ನಾನು ಕಾದೋಕೆ ಬಂದೆ, ದಣಿ."

"ಕಾದೋಕೆ ಯಾರಾದ್ರೂ ಸಿಗ್ತಾರೆ. ಆ ಚಳೀಲಿ ದನ ಉಳಿಸೋನು ಎಲ್ಲಿ ಸಿಗ್ತಾನೆ?"

ಹೀಗೆ ಮೋಖೆಲೆ ತನ್ನ ಯುದ್ಧವನ್ನು ಮಲೋತಿ ಬೆಟ್ಟದ ಮೇಲೆ, ಇಬ್ಬರು ಮುದುಕರ ಜೊತೆ, ಸಗಣಿಯ ಬೆಂಕಿಗೆ ಕೈ ಕಾಯಿಸಿಕೊಳ್ಳುತ್ತ ಕಳೆದ. ಕೆಳಗೆ ಅವನ ಓರಗೆಯವರು ಕಾದಿದರು. ಅವನ ಜೊತೆ ಕಿಂಬರ್ಲಿಗೆ ನಡೆದವರಲ್ಲಿ ಇಬ್ಬರು ಸತ್ತರು. ಸುದ್ದಿ ಮೇಲೆ ಬಂದ ದಿನ ಅವನು ಒಂದು ಹೋರಿಗರುವಿನ ಕುತ್ತಿಗೆಗೆ ಕೈ ಹಾಕಿ ತುಂಬ ಹೊತ್ತು ಕುಳಿತಿದ್ದ. ಆ ಮಾತು ಯಾವ ಪದದಲ್ಲೂ ಬರಲಿಲ್ಲ.

ಒಂದು ಮಧ್ಯಾಹ್ನ ಮಂಜು ಕವಿದು ಹತ್ತು ಮಾರು ಆಚೆ ಏನೂ ಕಾಣದಾಯಿತು. ಕಲ್ಲು ಉರುಳಿದ ಸದ್ದಾಯಿತು. ಕರ್ರಗಿನದೊಂದು ಏರಿ ಬಂತು. ಶತ್ರುವೇ ಸರಿ ಎಂದು ಮೋಖೆಲೆ ಗುಂಡು ಹಾರಿಸಿದ. ಅಪರೂಪಕ್ಕೆ ಬಂದೂಕಿಗೂ ಅವತ್ತೇ ಮನಸ್ಸಾಗಿತ್ತು. ಮಂಜು ಸರಿದ ಮೇಲೆ ಮೂವರೂ ಹೋಗಿ ನೋಡಿದರೆ, ಹಣೆಯಲ್ಲಿ ಬಿಳಿ ಚುಕ್ಕಿಯ, ಒಂದು ಕೊಂಬು ಜೋತ, ಭಾರಿ ಕರಿ ಎತ್ತೊಂದು ಬಿದ್ದುಕೊಂಡಿತ್ತು. ಮುದುಕರು ಚಾಕು ತೆಗೆದರು. ಮಾಂಸ ಕೆಳಗಿದ್ದ ನಲವತ್ತು ಕಾಳಗಗಾರರಿಗೆ ಹೋಯಿತು. ಎತ್ತು ಜಾರಿಬಿದ್ದು ಸತ್ತಿತೆಂದು ಹೇಳಿ ಕಳಿಸಿದರು. ಆಮೇಲೆ ಆ ಮುದುಕರೂ ತೀರಿಕೊಂಡರು. ನಿಜ ಗೊತ್ತಿದ್ದವಳು ಮಾಲೆರಾತೊ ಒಬ್ಬಳೇ. ಊರಿಗೆ ಬಂದ ವಾರದಲ್ಲಿ, ಹಸುಗೂಸನ್ನು ತೊಡೆಯ ಮೇಲಿಟ್ಟುಕೊಂಡಿದ್ದಾಗ, ಮೋಖೆಲೆಯೇ ಬಾಯಿ ಜಾರಿ ಹೇಳಿಬಿಟ್ಟಿದ್ದ. ಅದನ್ನು ಅವನು ಆಯುಷ್ಯವಿಡೀ ನೆನೆದು ಕೈ ಹಿಸುಕಿಕೊಂಡ.

ಕೂಸಿನ ಹೆಸರಿನಲ್ಲೂ ಜಗಳವೇ. ಬಂದೂಕಿನ ಗದ್ದಲದ ನೆನಪಿಗೆ 'ಲೆರಾತ' ಎಂದಿಡೋಣ ಎಂದ ಅವನು. ಅವರ ಮಾತಿನಲ್ಲಿ ಅದರ ಅರ್ಥ ಗದ್ದಲ. "ಹೆಣ್ಣುಕೂಸಿಗೆ ಗದ್ದಲ ಅಂತ ಇಡ್ತಾರೇನ್ರೀ?" ಎಂದು ಅವಳು ಕೊನೆಯ ಅಕ್ಷರಕ್ಕೊಂದು ಒಕಾರ ಕೊಟ್ಟು 'ಲೆರಾತೊ' ಮಾಡಿದಳು, ಎಂದರೆ ಪ್ರೀತಿ. ಮಿಶನ್ನಿನ ಪಾದ್ರಿ ಪುಸ್ತಕದಲ್ಲಿ ಅವಳು ಹೇಳಿದ್ದನ್ನೇ ಬರೆದುಕೊಂಡ. ಊರಿನವರು ಅವಳನ್ನೇ ಲೆರಾತೊಳ ತಾಯಿ, ಮಾಲೆರಾತೊ, ಎಂದು ಕರೆದರು. ಅಪ್ಪನೊಬ್ಬ ಮಾತ್ರ ಹದಿನೆಂಟು ವರ್ಷ ಮಗಳನ್ನು "ಏ ಗದ್ದಲ!" ಎಂದೇ ಕೂಗಿದ. ಆಮೇಲೆ ಹುಟ್ಟಿದ ಗಂಡುಮಗನಿಗೆ ಮೊಹಾಪಿ ಎಂದು ಹೆಂಡತಿ ಇಟ್ಟಾಗ ಅವನು ತಕರಾರು ತೆಗೆಯಲಿಲ್ಲ, ಅವತ್ತು ಬಿತ್ತನೆ ಇತ್ತು.

ದನಗಳಿಗೆ ದೊಡ್ಡರೋಗ ಬಂದ ವರ್ಷ ಮೋಖೆಲೆಯ ವಿದ್ಯೆಯೂ ಸೋತಿತು. ಹಟ್ಟಿ ತುಂಬ ಇದ್ದ ದನದಲ್ಲಿ ಎರಡು ಎತ್ತು ಉಳಿದವು. ನಾಲ್ಕಿಲ್ಲದೆ ನೇಗಿಲು ಏಳುವ ಮಣ್ಣಲ್ಲ ಅದು. ಗಂಡ ಹೆಂಡತಿ ಗುದ್ದಲಿಯಲ್ಲಿ ಅಗೆದು ಬಿತ್ತಿದರು. ಅಂಥ ಹೊತ್ತಿನಲ್ಲೇ ಮಗಳಿಗೆ ಹೊಳೆಯಾಚೆಯ ಹುಡುಗ ಥೇಕೊ ಮೆಚ್ಚಿಗೆಯಾದ. ಹುಡುಗನ ಅಪ್ಪ ಫಾಕಿಸಿ. ಬಂದೂಕು ಒಪ್ಪಿಸಿದವರಲ್ಲಿ ಫಾಕಿಸಿಯ ಹೆಸರೇ ಮೊದಲು.

"ಬಂದೂಕು ಕೊಟ್ಟೋನ ಮನೆಗೆ ನನ್ನ ಮಗಳೇ?" ಮೋಖೆಲೆ ಅಂಗಳದಲ್ಲಿ ಕೋಲು ಕುಟ್ಟಿದ. "ನಾನು ಯುದ್ಧ ಮಾಡಿದೋನು!"

"ಮಾಡಿದ್ರಿ, ಮಾಡಿದ್ರಿ," ಎಂದಳು ಮಾಲೆರಾತೊ, ಮುದ್ದೆಯ ಮಡಕೆಯಿಂದ ತಲೆಯೆತ್ತದೆ. "ಆ ಸಾಹೇಬನ ಪಕ್ಕೆಲುಬು ಚೆನ್ನಾಗಿ ಬೆಂದಿತ್ತಂತಲ್ಲ."

"ಮೆಲ್ಲಗೆ ಮಾತಾಡೇ!"

"ಅವ್ರು ಬರ‍್ಲಿ. ಕೂತು ಮಾತಾಡಿ ಕಳಿಸಿ. ಇಲ್ದಿದ್ರೆ ಮುಂದಿನ ಮದುವೇಲಿ ನಾನು ಕೆಮ್ಮಲ್ಲ, ಬಾಯೇ ಬಿಡ್ತೀನಿ."

ಹಾಗೆ ಫಾಕಿಸಿಗೆ ಕರೆ ಹೋಯಿತು. ಅವನು ತಮ್ಮನ ಜೊತೆ ಬಂದ. ಕುಳ್ಳಗಿನ ಆಳು, ಮಾತು ಕಡಿಮೆ, ಎಲ್ಲದಕ್ಕೂ ತಲೆಯಾಡಿಸುವ ಚಾಳಿ. ಹೆಣ್ಣಿನ ತೆರಕ್ಕೆ ಇಪ್ಪತ್ತು ದನವೆಂಬುದು ವಾಡಿಕೆ. ತನ್ನಲ್ಲಿ ರೋಗ ಬಿಟ್ಟುಹೋದದ್ದು ಐದೇ ಎಂದು ಅವನು ಮೊದಲೇ ಹೇಳಿದ. ದನದಲ್ಲಿ ಎರಡು ಹಸು, ಜೊತೆಗೆ ಒಂದು ಕುದುರೆ, ಒಂದಿಷ್ಟು ಕುರಿ ಈಗ. ಉಳಿದದ್ದು ಕರು ಹುಟ್ಟಿದ ಹಾಗೆ. ಅವನು ಅಷ್ಟು ತಗ್ಗಿ ಮಾತಾಡಿದ್ದೇ ಮೋಖೆಲೆಗೆ ಏರಿತು. ಉತ್ತರ ಕೊಡುವ ಬದಲು ಹೆಂಡದ ಸೋರೆಬುರುಡೆ ಕೆಳಗಿಟ್ಟ, ಕಂಬಳಿ ಎಸೆದ, ಎದ್ದು ನಿಂತ. ಬಂದೂಕು ಕೊಟ್ಟವನಿಗೆ ಬಂದೂಕು ಇಟ್ಟುಕೊಂಡವನು ಎಂಥವನೆಂದು ತಿಳಿಯಲಿ ಎಂದು ತನ್ನ ಪದ ಹೇಳಿ, ಕೊನೆಯ ಸಾಲನ್ನು ಎರಡು ಸಲ ಹೇಳಿದ. ಅಂಗಳದ ಗೋಡೆಯ ಮೇಲೆ ಕುಳಿತಿದ್ದ ನೆರೆಯವರು ಹೋ ಎಂದರು.

ಫಾಕಿಸಿ ತಲೆಯಾಡಿಸಲಿಲ್ಲ. "ಇನ್ನೊಂದ್ಸಲ ಹೇಳಿ," ಎಂದ.

ಮೋಖೆಲೆ ಖುಷಿಯಾಗಿ ಇನ್ನೊಂದು ಸಲ ಹೇಳಿದ.

"ಜೋತಿದ್ದ ಕೊಂಬು ಎಡಗಡೇದೋ, ಬಲಗಡೇದೋ?"

"ಎಡಗಡೇದು," ಎಂದುಬಿಟ್ಟ ಮೋಖೆಲೆ.

"ಬಾಲದ ತುದಿ ಬೆಳ್ಳಗಿತ್ತಾ?"

ಸಾಹೇಬರಿಗೆ ಬಾಲವಿರುವುದಿಲ್ಲ ಎಂಬುದು ಗೋಡೆಯ ಮೇಲಿದ್ದವರಿಗೆ ಒಬ್ಬೊಬ್ಬರಿಗಾಗಿ ಹೊಳೆಯಿತು. ಗುಡಿಸಿಲ ಬಾಗಿಲಲ್ಲಿ ಮಾಲೆರಾತೊ ಕಂಬಳಿಯ ಅಂಚನ್ನು ಬಾಯಿಗೆ ತುರುಕಿಕೊಂಡಳು.

"ಅವನ ಹೆಸರು ಗುಡುಗ," ಎಂದ ಫಾಕಿಸಿ ಮೆಲ್ಲಗೆ. "ತಾಯಿ ಸತ್ತ ಕರು. ನಾನೇ ಬೆರಳು ಅದ್ದಿ ಹಾಲು ಕುಡಿಸಿದ್ದೆ."

ಗೋಡೆಯೇ ಬೀಳುವ ಹಾಗೆ ನಗು ಎದ್ದಿತು. ಯಾರೋ ಅಂಬಾ ಎಂದು ಕೂಗಿದರು. ಮೋಖೆಲೆ ಕುಳಿತ. ಕಾಲ ಬೆರಳುಗಳನ್ನೇ ನೋಡುತ್ತ, ಈ ನೆಲ ಇಷ್ಟು ಗಟ್ಟಿಯಾಗಿ ಯಾಕಿದೆ, ಬಾಯಿ ಬಿಡಬಾರದೇ ಎಂದುಕೊಂಡ. ಸತ್ತ ಇಬ್ಬರು ಗೆಳೆಯರು ಮನಸ್ಸಿಗೆ ಬಂದರು. ಅವರ ಪದ ಹೇಳುವವರು ಯಾರೂ ಇರಲಿಲ್ಲ, ತಾನು ಮಾತ್ರ ಎತ್ತಿನ ಮೇಲೆ ಪದ ಕಟ್ಟಿಕೊಂಡು ಇಷ್ಟು ವರ್ಷ ಕುಣಿದಿದ್ದ.

ನಗು ಅಡಗುವವರೆಗೆ ಫಾಕಿಸಿ ಕಾದ. "ಬೆಟ್ಟದಲ್ಲಿ ದನ ಕಾದೋರು ನೀವೇನಾ?"

"ನಾನೇ."

"ನನ್ನ ಹಟ್ಟಿಯಿಂದ ಹದಿನೇಳು ಹೊಡ್ಕೊಂಡು ಹೋದ್ರು. ರಾಜಿ ಆದ್ಮೇಲೆ ಹದಿನಾರು ವಾಪಸ್ ಬಂತು. ನಮ್ಮೂರಲ್ಲಿ ಬೇರೆಯೋರ ದನ ಬೇರೆ ಬೆಟ್ಟಕ್ಕೆ ಹೋಗಿದ್ವು, ಬಂದಿದ್ದು ಚಕ್ಕಳ ಮೂಳೆ. ನನ್ನವು ಮೈತುಂಬ್ಕೊಂಡು ಬಂದ್ವು. ಒಂದು ಕೆಂದಹಸೂಗೆ ಕಾಲು ಮುರಿದು, ಯಾರೋ ದಬ್ಬೆ ಕಟ್ಟಿ ವಾಸಿ ಮಾಡಿದ್ರು. ಯಾರು ಮಾಡಿದ್ದು ಅಂತ ಅವತ್ತಿಂದ ಕೇಳ್ತಾನೇ ಇದೀನಿ, ಯಾರೂ ಹೇಳ್ಲಿಲ್ಲ."

ಮೋಖೆಲೆ ತಲೆಯೆತ್ತಿದ. "ಹಿಂಗಾಲು," ಎಂದ. "ಬಲಗಡೇದು. ಆಮೇಲೆ ಕುಂಟ್ತಾ ಇತ್ತಾ?"

"ಚಳಿಗಾಲದಲ್ಲಿ ಒಂಚೂರು. ಆರು ಕರು ಹಾಕ್ತು."

"ಆರು!" ಎಂದ ಮೋಖೆಲೆ. ಗೋಡೆಯ ಮೇಲಿನವರು ಇದ್ದಾರೆಂಬುದನ್ನೇ ಮರೆತು, ದಬ್ಬೆಗೆ ಯಾವ ಮರದ ಕಡ್ಡಿ ಬಳಸಿದ, ಹಿಮ ಬಿದ್ದ ಮೂರು ದಿನ ಅದಕ್ಕೆ ಹುಲ್ಲು ಎಲ್ಲಿಂದ ಕಿತ್ತು ತಂದ ಎಂದು ಹೇಳತೊಡಗಿದ. ಫಾಕಿಸಿ ಹತ್ತಿರ ಸರಿದು ಕುಳಿತ. ಹೊತ್ತು ಇಳಿಯುವವರೆಗೂ ಇಬ್ಬರೂ ಹಸುವಿನ ಕಾಲಿನ ಮಾತೇ ಆಡಿದರು. ಕೊನೆಗೆ ಫಾಕಿಸಿಯ ತಮ್ಮನೇ, "ಅಣ್ಣಾ, ನಾವು ಹೆಣ್ಣು ಕೇಳೋಕೆ ಬಂದಿದ್ದು," ಎಂದು ನೆನಪಿಸಬೇಕಾಯಿತು.

"ಹೌದಲ್ಲ," ಎಂದ ಫಾಕಿಸಿ. ಅವನ ಮುಖದಲ್ಲಿ ಮೊದಲ ಸಲ ಕಳ್ಳನಗೆ ಕಾಣಿಸಿತು. "ಎರಡು ದನ ಅಂದೆ. ಅಲ್ಲ ಬೀಗ್ರೆ, ಮೂರು. ಗುಡುಗ ನಿಮ್ಮನೆಗೆ ಹದಿನೆಂಟು ವರ್ಷದ ಹಿಂದೇನೇ ಬಂದುಬಿಟ್ಟಿದಾನೆ."

"ಅದನ್ನ ನಾನು ತಿಂದಿಲ್ಲ! ಬೇಕಾದ್ರೆ ಆಣೆ ಮಾಡ್ತೀನಿ, ಎಲ್ಲಾ ಕೆಳಗೆ ಕಳಿಸಿದ್ವಿ!"

"ನಾಲಿಗೆ ತಿಂದೆ ಅಂತ ಹೇಳಿದ್ರಲ್ಲ!" ಬಾಗಿಲಿನಿಂದ ಮಾಲೆರಾತೊ ಕೂಗಿದಳು. "ಉಪ್ಪಿಲ್ದೆ ತಿಂದೆ ಅಂತ ಗೋಳಾಡಿದ್ರಿ!"

ಮೂರಕ್ಕೇ ಲೆಕ್ಕವಾಯಿತು.

ಮಗಳ ಮದುವೆಯಲ್ಲಿ ಮೋಖೆಲೆ ಎದ್ದು ನಿಲ್ಲಲಿಲ್ಲ. ಹುಡುಗರು ಮೂಲೆಯಿಂದ ಅಂಬಾ ಎನ್ನುತ್ತಿದ್ದರು. ಅವನು ಬುರುಡೆಯೊಳಗೆ ಮುಖ ಹುದುಗಿಸಿ ಕುಳಿತಿದ್ದ. ಆಗ ಎದ್ದವನು ಫಾಕಿಸಿ. ತಾನು ಯಾವತ್ತೂ ಪದ ಕಟ್ಟಿದವನಲ್ಲ, ಬೀಗರಿಗಾಗಿ ಒಂದು ಹೇಳುತ್ತೇನೆಂದ. "ಹದಿನಾರರ ತಂದೆ, ಹಿಮದಲ್ಲಿ ಹುಲ್ಲು ಕಿತ್ತವನು, ಕೆಂದಿಯ ಕಾಲು ಕಟ್ಟಿದವನು, ಆಮೇಲೆ... ಆಮೇಲೆ ಒಳ್ಳೆಯವನು..." ಅಲ್ಲಿಗೆ ನಿಂತುಹೋಯಿತು. ಮೋಖೆಲೆ ಎಷ್ಟು ಹೊತ್ತು ತಡೆದುಕೊಂಡಾನು?

"ಒಳ್ಳೆಯವನು ಅಂತ ಪದದಲ್ಲಿ ಬರುತ್ತೇನ್ರೀ!" ಎಂದು ಎದ್ದ. "ನನ್ನ ಹಿಂದೆ ಹೇಳಿ." ತನ್ನ ಮೇಲಿನ ಆ ಹೊಸ ಪದವನ್ನು ಬೀಗರ ಬಾಯಲ್ಲಿ ಸಾಲು ಸಾಲಾಗಿ ತಾನೇ ತಿದ್ದಿ ಹೇಳಿಸಿದ. ನಗುತ್ತಿದ್ದವರು ನಗುತ್ತಲೇ ಕೇಳಿದರು, ಕೊನೆಯಲ್ಲಿ ಹೋ ಎಂದರು. ಮಾಲೆರಾತೊ ಕೆಮ್ಮಲಿಲ್ಲ.

ಮಳೆ ಬಂದಾಗ ಫಾಕಿಸಿ ತನ್ನ ಎರಡು ಎತ್ತು ಹೊಡೆದುಕೊಂಡು ಹೊಳೆ ದಾಟಿ ಬಂದ. ಇವನವು ಎರಡು, ಅವನವು ಎರಡು, ನೇಗಿಲು ಎದ್ದಿತು. ಒಂದು ವಾರ ಈಚೆ ಹೊಲ, ಒಂದು ವಾರ ಆಚೆ ಹೊಲ. ಫಾಕಿಸಿ ಮುಂದೆ ನಿಂತು ಎತ್ತು ನಡೆಸಿದ. ಮೋಖೆಲೆ ಮೇಣಿ ಹಿಡಿದ. ಮಾಲೆರಾತೊ ಹಿಂದಿನಿಂದ ಜೋಳ ಚೆಲ್ಲುತ್ತ ಬಂದಳು.

"ಬೀಗ್ರೆ, ಸಾಲು ಸೊಟ್ಟಗಾಗ್ತಿದೆ," ಎಂದ ಫಾಕಿಸಿ ತಿರುಗಿ ನೋಡಿ.

"ನಡೆಸೋನು ಸೊಟ್ಟಗೆ ನಡೆದ್ರೆ ಸಾಲು ನೆಟ್ಟಗೆ ಬರುತ್ತಾ?"

"ನನ್ನ ಎತ್ತು ನೆಟ್ಟಗೇ ನಡೀತಾವೆ. ನಿಮ್ಮವು ಎಳೀತಾವೆ ಆಚೆಗೆ."

"ನನ್ನ ಎತ್ತಿಗೇನಾಗಿದೆ?"

"ಇಬ್ರೂ ಬಾಯಿ ಮುಚ್ಚಿ," ಎಂದಳು ಮಾಲೆರಾತೊ, ಮಡಿಲಿನಿಂದ ಇನ್ನೊಂದು ಹಿಡಿ ಕಾಳು ತೆಗೆಯುತ್ತ. "ಎತ್ತಿಗೆ ಯಾರ ಮಾತು ಕೇಳ್ಬೇಕೂಂತ ಗೊತ್ತಾಗ್ತಿಲ್ಲ."