ಕಾರಿನ ಮೂತಿಗೆ ಒದ್ದೆ ಗೋಣಿ

ನನ್ನ ಕಾರಿಗೆ ಹೆಚ್ಚೂಕಡಿಮೆ ನನ್ನದೇ ವಯಸ್ಸು. ಅಪ್ಪ ಕೊಂಡಿದ್ದು. ದುಂಡು ದೀಪ, ಅಗಲ ಬಾನೆಟ್, ನಾಲ್ಕು ಜನ ಕಾಲು ಚಾಚಿ ಕೂರಬಹುದಾದ ಹಿಂದಿನ ಸೀಟು. ಮಾರಿಬಿಡು ಎಂದು ಹೇಳದವರು ಶಾಗ್ಯದಲ್ಲಿ ಯಾರೂ ಉಳಿದಿಲ್ಲ. ನಾನು ಜಪ್ಪಯ್ಯ ಅಂದರೂ ಮಾರಲಿಲ್ಲ. ಅಷ್ಟೇ ಅಲ್ಲ, ಹೋದ ಬೇಸಿಗೆಯಲ್ಲಿ ಅದಕ್ಕೆ ಏಸಿ ಬೇರೆ ಹಾಕಿಸಿದೆ.

ಏಸಿ ನಮಗಲ್ಲ, ಹುಳುವಿಗೆ. ನಮ್ಮದು ರೇಷ್ಮೆ ಬೇಸಾಯ. ಹುಳು ಸಾಕುವವಳು ಹೆಂಡತಿ. ಸೊಪ್ಪು ಬೆಳೆಯುವುದು ಮತ್ತು ಉಪದೇಶ ಮಾಡುವುದು ನನ್ನ ಕೆಲಸ. ಮೊಟ್ಟೆಯೊಡೆದ ಹುಳುಗಳನ್ನು ಎರಡು ಸಲ ಪೊರೆ ಬಿಡುವವರೆಗೆ ಧನಗೆರೆ ಕಡೆಯ ಒಂದು ಚಾಕಿ ಕೇಂದ್ರದಲ್ಲಿ ಬೆಳೆಸಿ ಕೊಡುತ್ತಾರೆ. ಆ ಎಳೆ ಹುಳುಗಳನ್ನು ಕೊಳ್ಳೇಗಾಲ, ಹನೂರು ದಾಟಿಸಿ ಮನೆಗೆ ತರುವಾಗ ಬಿಸಿ ತಾಕಬಾರದು.

ಏಸಿ ಹಾಕಿಸುವುದಕ್ಕೆ ಮುಂಚಿನ ಬೆಳೆ ಪೂರಾ ಕೈಕೊಟ್ಟಿತ್ತು. ಹೆಂಡತಿ ತನ್ನ ತಮ್ಮನ ಮಗುವಿನ ನಾಮಕರಣಕ್ಕೆಂದು ಹೊನ್ನೂರಿನ ತವರಿಗೆ ಎರಡು ದಿನ ಹೋಗಿದ್ದಳು. ಹುಳುವಿನ ಮನೆ ನೋಡಿಕೊಂಡವನು ನಾನು. ಅವಳು ಬಂದ ಮೂರನೇ ದಿನಕ್ಕೆ ಹುಳುಗಳೆಲ್ಲ ಕಪ್ಪಾಗಿ ನೀರಾದವು. ತಟ್ಟೆ ತಟ್ಟೆ ಗುಂಡಿಗೆ ಸುರಿದೆವು. "ಗೂಡು ಕಟ್ಟಕೆ ಹಣ್ಣಾಗೋ ಉಳ ಬುಟ್ಟು ತವರಿಗೆ ಓದ್ರೆ ಇನ್ನೇನಾದದು" ಎಂದು ಅವ್ವ ಅಂದಳು. ಊರೂ ಅದನ್ನೇ ಅಂದಿತು.

"ಇನ್ನೊಂದು ಬೆಳೆ ನೋಡ್ತೀನಿ. ಅದೂ ಓದ್ರೆ ಉಳ ಮುಟ್ಟಕಿಲ್ಲ ಕಣ್ರಿ. ನನ್ ಕೈಗುಣನೇ ಕೆಟ್ಟೋಗದ" ಎಂದಳು ಹೆಂಡತಿ.

ಇಪ್ಪತ್ತು ವರ್ಷ ಹುಳು ಸಾಕಿದ ಕೈ ಅದು. ಕಾರಿನಲ್ಲಿ ತರುವಾಗಲೇ ಹುಳುವಿಗೆ ಬಿಸಿಲು ಬಡಿದಿರಬೇಕು ಎಂದು ನಾನೇ ತೀರ್ಮಾನಿಸಿ ಯಳಂದೂರಿನ ಮೆಕ್ಯಾನಿಕ್ಕಿನ ಹತ್ತಿರ ಏಸಿ ಹಾಕಿಸಿದೆ.

ಅವತ್ತಿನಿಂದ ಪಜೀತಿ ಶುರುವಾಯಿತು. ಏಸಿ ಹಾಕಿದರೆ ಎಂಜಿನ್ ಕಾಯುತ್ತದೆ, ಎಂಜಿನ್ ಕಾದರೆ ಏಸಿ ಬಿಸಿಗಾಳಿ ಊದುತ್ತದೆ. "ಬೋರ್ ನೀರು ಉಯ್ದು ಉಯ್ದು ರೇಡಿಯೇಟರ್ ಒಳಗೆಲ್ಲ ಸುಣ್ಣ ಕಟ್ಟದ ಸಾ" ಎಂದ ಮೆಕ್ಯಾನಿಕ್. ತೊಳೆಸಿದೆ. ಫ್ಯಾನ್ ಬೆಲ್ಟ್ ಬದಲಾಯಿಸಿದೆ, ಥರ್ಮೋಸ್ಟಾಟ್ ಬದಲಾಯಿಸಿದೆ. ಎಂಜಿನ್ ಕಾವು ತೋರಿಸುವ ಮುಳ್ಳು ಕೊಂಚ ಇಳಿಯಿತು, ಸಾಕಾಗುವಷ್ಟಲ್ಲ. "ಏಸಿ ಜಾಲರಿ ರೇಡಿಯೇಟರ್‌ಗೆ ಅಡ್ಡ ಕೂತದ. ಮುಂದ್ಕೊಂದು ಕರೆಂಟ್ ಫ್ಯಾನ್ ಕೂರಿಸ್ಬೇಕು. ಎಂಟು ದಿನ ತಡೀರಿ, ತರಿಸ್ತೀನಿ" ಎಂದ. ಅವನು ಹೇಳಿದ್ದು ಸರಿಯೇ. ಆಮೇಲೆ ಆ ಫ್ಯಾನ್ ಬಂತು, ಈಗ ಕಾರು ಏರಿನಲ್ಲೂ ತಣ್ಣಗೆ ಓಡುತ್ತದೆ. ಆದರೆ ಚಾಕಿ ಹುಳು ಎಂಟು ದಿನ ಕಾಯುವುದಿಲ್ಲವಲ್ಲ.

ಆಗ ನನ್ನ ತಲೆ ಓಡಿತು. ಬೇಸಿಗೆಯಲ್ಲಿ ನಮ್ಮ ಕಡೆ ಹುಳುವಿನ ಮನೆಯ ಕಿಟಕಿಗೆ ಗೋಣಿತಾಟು ಕಟ್ಟಿ ನೀರು ಚಿಮುಕಿಸುತ್ತೇವೆ. ಒಳಗೆ ತಂಪಾಗುತ್ತದೆ. ಮನೆಗೆ ಆದದ್ದು ಕಾರಿಗೆ ಆಗದೇ? ಎರಡು ಪದರ ಗೋಣಿ ನೆನೆಸಿ ಕಾರಿನ ಮೂತಿಗೆ ಬಿಗಿಯಾಗಿ ಕಟ್ಟಿದೆ. ಮೆಕ್ಯಾನಿಕ್ಕಿಗೆ ಹೊಳೆಯದ್ದು ನನಗೆ ಹೊಳೆಯಿತೆಂದು ಬೀಗಿದ್ದೂ ಆಯಿತು.

ಚಾಕಿ ಕೇಂದ್ರದಲ್ಲಿ ಬೆಳಿಗ್ಗೆ ಆರಕ್ಕೆ ಸಿಗಬೇಕಿದ್ದ ಹುಳು ಕೈಗೆ ಬಂದದ್ದು ಹತ್ತಕ್ಕೆ. ತಟ್ಟೆಗಳನ್ನು ಹಿಂದಿನ ಸೀಟಿನಲ್ಲಿಟ್ಟು ಹೆಂಡತಿ ಪಕ್ಕದಲ್ಲಿ ಕೂತಳು. ಕೊಳ್ಳೇಗಾಲ ದಾಟುವವರೆಗೆ ತಣ್ಣನೆ ಗಾಳಿ ಬಂತು. ಹನೂರು ಇನ್ನೂ ದೂರವಿರುವಾಗ ಮುಳ್ಳು ಕೆಂಪಿಗೆ ಹತ್ತಿತು, ಗಾಳಿ ಬಿಸಿಯಾಯಿತು. ಹುಣಸೆ ಮರದ ನೆರಳಿಗೆ ಕಾರು ನಿಲ್ಲಿಸಿ, ಕುಡಿಯುವ ನೀರನ್ನೆಲ್ಲ ಗೋಣಿಯ ಮೇಲೆ ಸುರಿದೆ. ಎಂಜಿನ್ ಓಡುತ್ತಲೇ ಇತ್ತು, ಮುಳ್ಳು ಕದಲಲಿಲ್ಲ.

ಹೆಂಡತಿ ಇಳಿದು ಬಂದು ಗೋಣಿಯ ಹಿಂದಕ್ಕೆ ಬೆರಳು ತೂರಿಸಿ ತಟ್ಟನೆ ಎಳೆದುಕೊಂಡಳು.

"ಇದರ ಮೂತಿ ಯಾಕ್ ಕಟ್ಟೀರಿ?"

"ತಂಪಾಗ್ಲಿ ಅಂತ. ಉಳದ ಮನೇಲಿ ಕಟ್ಟಕಿಲ್ವಾ?"

"ಅಲ್ಲಿ ಒಂದ್ ಕಡೆ ಕಟ್ಟಿ ಇನ್ನೊಂದ್ ಕಡೆ ತೆಗ್ದಿರ್ತೀವಿ. ಗಾಳಿ ಆಡ್ಬೇಕಲ್ಲ. ಎಲ್ಲ ಕಡೆ ಒದ್ದೆ ಗೋಣಿ ಮುಚ್ಚುದ್ರೆ ಒಳಗೆ ಕಾವು ಎದ್ದು ಉಳ ಕೊಳ್ತೋಯ್ತವೆ" ಎಂದಳು, ಗಂಟು ಬಿಚ್ಚುತ್ತಾ.

ನನಗೆ ಹೋದ ಬೆಳೆ ನೆನಪಾಯಿತು. ಅವಳು ತವರಿನಲ್ಲಿದ್ದ ಎರಡು ದಿನ ಎಲ್ಲ ಕಿಟಕಿಗೂ, ಬಾಗಿಲಿಗೂ ಗೋಣಿ ಕಟ್ಟಿ ಗಂಟೆಗೊಂದು ಸಲ ನೀರೆರಚಿದ್ದೆ. ಅವಳು ಬರುವ ಸಂಜೆ ಹೊತ್ತಿಗೆ ಎಲ್ಲ ಬಿಚ್ಚಿ ಮಡಚಿಟ್ಟಿದ್ದೆ. ಅವಳಿಗೆ ಅದು ಗೊತ್ತೇ ಇರಲಿಲ್ಲ.

ಅವಳು ಎಂಜಿನ್ ಆರಿಸಲು ಹೇಳಿದಳು. ಗೋಣಿಯನ್ನು ಹಿಂಡಿ, ತಟ್ಟೆಗಳಿಗೆ ತಾಗದಂತೆ ಬಿಸಿಲು ಬೀಳುವ ಕಡೆಯ ಕಿಟಕಿಗೆ ಇಳಿಬಿಟ್ಟಳು. ಉಳಿದ ಮೂರು ಕಿಟಕಿ ತೆರೆದಳು. ಮುಕ್ಕಾಲು ಗಂಟೆ ಕಾದು, ಪಕ್ಕದ ತೋಟದಿಂದ ನೀರು ತಂದು, ರೇಡಿಯೇಟರ್ ತಣಿದ ಮೇಲೆ ಮುಚ್ಚಳ ತೆಗೆದು ತುಂಬಿದೆ. "ಏಸಿ ಬ್ಯಾಡ. ಮೆಲ್ಲಗೆ ಓಡ್ಸಿ" ಎಂದಳು. ಮುಳ್ಳು ಮಧ್ಯದಲ್ಲೇ ನಿಂತಿತು.

ಮನೆಗೆ ಬಂದು ಸೊಪ್ಪು ಉದುರಿಸಿದಾಗ ಹುಳುಗಳು ಒಂದೊಂದಾಗಿ ತಲೆಯೆತ್ತಿ ಎಲೆಗೆ ಹತ್ತಿದವು. ಹೆಂಡತಿ ಬಗ್ಗಿ ನೋಡುತ್ತಲೇ ಇದ್ದಳು. ಅವಳ ಮುಖ ಅರಳಿದ್ದನ್ನು ನೋಡಿ ಎಷ್ಟೋ ದಿನವಾಗಿತ್ತು. ಸುಮ್ಮನಿದ್ದಿದ್ದರೆ ಎಲ್ಲ ಹಾಗೇ ಮುಚ್ಚಿಹೋಗುತ್ತಿತ್ತು. ಆದರೆ ಆ ಮುಖ ನೋಡಿಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ. ಅವ್ವ ಬಾಗಿಲಲ್ಲಿ ಕೂತು ಸೊಪ್ಪು ಹೆಚ್ಚುತ್ತಿದ್ದಳು.

"ಅವ್ವ, ಓದ್ ಸಲ ಉಳ ಸಾಯ್ಸಿದ್ದು ಇವಳಲ್ಲ, ನಾನು" ಎಂದು ಗೋಣಿಯ ಕತೆಯನ್ನೆಲ್ಲ ಹೇಳಿದೆ.

ಅವ್ವನ ಕತ್ತಿ ನಿಂತಿತು. "ನಾನು ಸುಮ್ಸುಮ್ನೆ ಆ ಮಗೀನ ಅಂದ್ಬುಟ್ನಲ್ಲ" ಎಂದಳು. ಹೆಂಡತಿ ಸೊಪ್ಪಿನ ಕರೆ ಹತ್ತಿದ ಅಂಗೈ ಎರಡನ್ನೂ ಸೆರಗಿಗೆ ಒರೆಸಿಕೊಂಡಳು. ಆಮೇಲೆ ಸೆರಗಲ್ಲೇ ಕಣ್ಣೊತ್ತಿಕೊಂಡಳು. ನಾಲ್ಕು ಮಾತು ಬೈಯುತ್ತಾಳೆಂದು ನಾನು ತಲೆ ತಗ್ಗಿಸಿ ನಿಂತಿದ್ದೆ.

"ಮುಂದ್ಲ ಬೆಳೆಗೂ ಈಗ್ಲೇ ಚಾಕಿ ಕೇಂದ್ರಕ್ಕೆ ಏಳ್ಬುಡಿ" ಎಂದಳು. "ನಾನು ತವರಿಗೆ ಓದಾಗ ಮಾತ್ರ ನೀವು ಉಳದ ಮನೆ ಒಳಕ್ಕೆ ಬರಬ್ಯಾಡಿ. ಅತ್ತೆ ನೋಡ್ಕತಾರೆ."