ಕಿಟ್ಟಮ್ಮ ಹಾಸಿದ ರಸ್ತೆ

ಡಾಂಬರು ಮಿಶ್ರಣ ಘಟಕದಲ್ಲಿ ಯಂತ್ರ ನಡೆಸುತ್ತಿದ್ದ ಆಕೆಯನ್ನು ಎಲ್ಲರೂ ಕಿಟ್ಟಮ್ಮ ಎಂದೇ ಕರೆಯುತ್ತಿದ್ದರು. ಕಬ್ಬಿಣ ಕರಗಿಸಿದಾಗ ಉಳಿಯುವ ಕಲ್ಲಿನಂಥ ಕಸಕ್ಕೆ ಕಿಟ್ಟ ಎನ್ನುತ್ತಾರೆ. ಅದನ್ನು ಒಡೆದು, ಜಲ್ಲಿಯ ಬದಲು ಡಾಂಬರಿಗೆ ಬೆರೆಸುವುದು ಆಕೆಯ ಕೆಲಸ. ಕೆಲಸ ಗಂಭೀರ, ಮಾಡುವವಳು ಮಾತ್ರ ತುಂಟಿ. ಬಿಸಿ ಡಾಂಬರಿನ ಹತ್ತಿರ ಸೀನಿದರೆ ರಸ್ತೆ ಬಿರುಕು ಬಿಡುತ್ತದೆಂದು ಹೊಸ ಮೇಲ್ವಿಚಾರಕನನ್ನು ನಂಬಿಸಿ, ಪಾಪ, ಅವನು ದಿನಗಟ್ಟಲೆ ಮೂಗು ಹಿಡಿದುಕೊಂಡು ಓಡಾಡುವಂತೆ ಮಾಡಿದ್ದಳು.

ಮನೆಯಲ್ಲಿ ಮಾವ. ಆಯುಷ್ಯವೆಲ್ಲ ಕಬ್ಬಿಣದ ಕುಲುಮೆಯ ಮುಂದೆ ಬೆಂದವರು. ಕಿಟ್ಟವೆಂದರೆ ಅವರಿಗೆ ಮೈಯೆಲ್ಲ ಉರಿ.

"ಜೀವಮಾನವಿಡೀ ನಾನು ತೆಗೆದು ಬಿಸಾಕಿದ್ದನ್ನ ನನ್ನ ಮನೆ ಮುಂದೇನೇ ಹಾಸ್ತೀಯೇನಮ್ಮ? ಅದರ ಮೇಲೆ ನಾನಂತೂ ಕಾಲಿಡಲ್ಲ!"

ಅವರು ಮಗಳ ಮನೆಗೆ ಹೋಗಿದ್ದಾಗ ಮನೆ ಮುಂದಿನ ಬೀದಿಗೇ ಡಾಂಬರು ಬಿತ್ತು. ಯಾವುದು ಬಾಳುತ್ತದೆ ನೋಡೋಣವೆಂದು ಎಡಬದಿಗೆ ಕಿಟ್ಟ, ಬಲಬದಿಗೆ ಬರೀ ಜಲ್ಲಿ ಹಾಕಿದ್ದರು. ಮಾವ ಮರಳಿದಾಗ ಸೊಸೆ ಏನೂ ಅರಿಯದ ಮಗುವಿನಂಥ ಮುಖ ಮಾಡಿಕೊಂಡು, "ಎಡಗಡೆ ಶುದ್ಧ ಜಲ್ಲಿ ಮಾವ. ಬಲಗಡೆ ಕಾಲಿಟ್ಟೀರಿ, ಜೋಕೆ," ಎಂದಳು.

ಅಂದಿನಿಂದ ಮಾವ ಎಡಬದಿ ಬಿಟ್ಟು ಕದಲಲಿಲ್ಲ. ಬಲಗಡೆ ನಡೆಯುವ ನೆರೆಯವರನ್ನೂ ಊರುಗೋಲು ಬೀಸಿ ಈಚೆಗೆ ಕರೆದರು. "ನಡೆದರೆ ಇದರ ಮೇಲೆ ನಡೀಬೇಕು ಕಣ್ರೀ. ಏನು ಗಟ್ಟಿ, ಏನು ನುಣುಪು!"

ಮಳೆಗಾಲ ಮುಗಿಯುವಷ್ಟರಲ್ಲಿ ಬಲಬದಿಯಲ್ಲಿ ಗುಂಡಿಗಳು ಬಿದ್ದವು. ಮಾವ ಕುಣಿಯುವುದೊಂದು ಬಾಕಿ. "ನೋಡು ನಿನ್ನ ಕಿಟ್ಟದ ಹಣೆಬರಹ!"

ಸೊಸೆಗೆ ನಗು ತಡೆಯಲಾಗಲಿಲ್ಲ. "ಮಾವ, ಗುಂಡಿ ಬಿದ್ದಿರೋದು ಜಲ್ಲಿಗೆ. ನೀವು ಇಷ್ಟು ದಿನ ಹಾಡಿ ಹೊಗಳಿದ್ದೇ ಕಿಟ್ಟ."

ಮಾವ ಊರುಗೋಲು ಎತ್ತಿಕೊಂಡು ಹೊರಗೆ ಹೋದರು. ನೋಯಿಸಿಬಿಟ್ಟೆನೇನೋ ಎಂದು ಅಳುಕುತ್ತ ಅವಳು ಕಿಟಕಿಗೆ ಬಂದಳು. ಎದುರುಮನೆಯವನಿಗೆ ಮಾವ ಹೇಳುತ್ತಿದ್ದರು: "ಈ ಕಡೆ ಇರೋದು ನಮ್ಮ ಕುಲುಮೆಯ ಕಿಟ್ಟ ಕಣಯ್ಯ. ಹಾಸು ಅಂತ ಹೇಳಿದ್ದೇ ನಾನು. ಸೊಸೆ ಮೊದಲು ಒಪ್ಪಲೇ ಇಲ್ಲ!"

ಮರುದಿನ ಬೆಳಿಗ್ಗೆಯೇ ಮಾವ ಘಟಕದಲ್ಲಿ ಹಾಜರ್. ಈಗ ಕಿಟ್ಟದ ರಾಶಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಕಿಟ್ಟ ತರುವ ಲಾರಿಯನ್ನು ತಡೆದು, ಒಂದು ತುಂಡು ಕೈಯಲ್ಲಿ ತೂಗಿ, "ಇದೂ ಒಂದು ಕಿಟ್ಟಾನಾ? ನಮ್ಮ ಕಾಲದ್ದನ್ನ ನೋಡಬೇಕಿತ್ತು ನೀನು. ವಾಪಸ್ ತಗೊಂಡು ಹೋಗು!" ಎನ್ನುತ್ತಾರೆ. ಕಿಟ್ಟಮ್ಮ ಯಂತ್ರ ನಿಲ್ಲಿಸಿ, ಬೈದುಕೊಳ್ಳುತ್ತ, ಲಾರಿಯ ಹಿಂದೆ ಓಡುತ್ತಾಳೆ.