ಬಾಟ್ಲಿ ಕತ್ತಿನ ರಬ್ಬರ್ ಬ್ಯಾಂಡ್

ಮದ್ಯದಂಗಡಿಗೆ ಬಂದವರ ಕಣ್ಣು ಮೊದಲು ಹೋಗುವುದು ಎದೆ ಮಟ್ಟದ ಸಾಲಿಗೆ. ಅಲ್ಲಿ ಚಿನ್ನದ ಅಕ್ಷರ, ಕುದುರೆ, ಕಿರೀಟ, ರಟ್ಟಿನ ಪೆಟ್ಟಿಗೆ, ಎಲ್ಲ ಥಳಥಳ. ಬ್ಯಾಂಡಕ್ಕ ಮಾತ್ರ ಆ ಸಾಲನ್ನು ತಿರುಗಿಯೂ ನೋಡುತ್ತಿರಲಿಲ್ಲ. ಗಿರಾಕಿ ಬಾಯಿ ಬಿಡುವಷ್ಟರಲ್ಲಿ "ಉಸ್ಸಪ್ಪಾ" ಎಂದು ಸೊಂಟ ಹಿಡಿದುಕೊಂಡು ಬಗ್ಗಿ, ಪಾದದ ಹತ್ತಿರದ ಸಾಲಿನಿಂದ ಧೂಳು ಕೂತ ಬಾಟ್ಲಿಯೊಂದನ್ನು ಎಳೆದು ಅಂಗೈಯಲ್ಲಿ ಒರೆಸಿ ಮುಂದಿಡುತ್ತಿದ್ದಳು.

"ಮೇಲಿನದಕ್ಕೆ ಅರ್ಧ ದುಡ್ಡು ಪೆಟ್ಟಿಗೆಗೇ ಹೋಗುತ್ತೆ. ನೀವೇನು ಪೆಟ್ಟಿಗೆ ಕುಡೀತೀರಾ?"

ಗಿರಾಕಿ ಪೆಚ್ಚುಪೆಚ್ಚಾಗಿ ನಗುತ್ತಿದ್ದ. ಕೆಳಗಿನ ಬಾಟ್ಲಿಯನ್ನೇ ಒಯ್ಯುತ್ತಿದ್ದ.

ಬ್ಯಾಂಡಕ್ಕ ಎಂಬ ಹೆಸರು ಕೇಳಿ, ಈಕೆ ಯಾವುದೋ ಕಾಲದಲ್ಲಿ ಮೆರವಣಿಗೆಯಲ್ಲಿ ಡೋಲು ಬಾರಿಸುತ್ತಿದ್ದಳೇನೋ ಅಂದುಕೊಂಡವರೂ ಇದ್ದರು. ಹಾಗೇನಿಲ್ಲ. ವಿಷಯ ರಬ್ಬರ್ ಬ್ಯಾಂಡಿನದು. ಗಂಡ ತೀರಿಕೊಂಡ ಮೇಲೆ ಅವನ ಅಣ್ಣ, ಅಂದರೆ ಅವಳ ಭಾವ, "ಮನೇಲಿ ಕೂತು ಏನು ಮಾಡ್ತೀಯಮ್ಮಾ, ನನ್ನ ಅಂಗಡಿ ಗಲ್ಲಾದಲ್ಲಿ ಕೂತ್ಕೋ" ಎಂದು ಕರೆದು ಕೂರಿಸಿದ್ದ. ಅವಳೋ, ಜನ್ಮದಲ್ಲಿ ಒಂದು ಹನಿ ನಾಲಿಗೆಗೆ ಹಾಕಿದವಳಲ್ಲ. ಗಿರಾಕಿಗಳು ಬಿಡುತ್ತಾರೆಯೇ? "ಕುಡಿಯದವರು ಹೇಳಿದ್ದು ಕೇಳಿ ನಾವು ಕುಡೀಬೇಕಾ?" ಎಂದು ರೇಗಿಸುತ್ತಿದ್ದರು. ಮೊದಮೊದಲು ಅವಳ ಮುಖ ಸಣ್ಣದಾಗುತ್ತಿತ್ತು. ಆಮೇಲೆ ಒಂದು ದಿನ ಲಾರಿ ಓಡಿಸುವವನೊಬ್ಬ, ಯಾರೂ ಮುಟ್ಟದ ಒಂದು ವಿಸ್ಕಿಯನ್ನು ಅಗ್ಗ ಅಂತ ಒಯ್ದವನು, ಖಾಲಿ ಬಾಟ್ಲಿ ಹಿಡಿದುಕೊಂಡೇ ವಾಪಸ್ ಬಂದ. "ಅಕ್ಕ, ಇದರ ಮುಂದೆ ನಿಮ್ಮ ಮೇಲಿನ ಸಾಲಿಂದು ಏನೂ ಇಲ್ಲ. ಇನ್ನೊಂದು ಕೊಡಿ" ಎಂದ. ಅವಳು ಗಲ್ಲಾದಲ್ಲಿದ್ದ ರಬ್ಬರ್ ಬ್ಯಾಂಡೊಂದನ್ನು ತೆಗೆದು, ಕಪಾಟಿನಲ್ಲಿ ಮುಂದಿದ್ದ ಅದೇ ವಿಸ್ಕಿಯ ಕತ್ತಿಗೆ ಸುತ್ತಿದಳು. ಅಲ್ಲಿಂದ ಅದೇ ಪದ್ಧತಿಯಾಯಿತು.

ಪದ್ಧತಿ ಕಟ್ಟುನಿಟ್ಟು. ಖಾಲಿ ಬಾಟ್ಲಿ ವಾಪಸ್ ತಂದು "ಚೆನ್ನಾಗಿದೆ" ಅಂದವರ ಮಾತಿಗೆ ಮಾತ್ರ ಒಂದು ಬ್ಯಾಂಡ್. ಕುಡಿದು ಮುಗಿಸಿದವರು ಸುಳ್ಳು ಹೇಳುವುದಿಲ್ಲ ಎಂಬುದು ಅವಳ ಲೆಕ್ಕಾಚಾರ. ಹೀಗೆ ಊರಿನವರ ನಾಲಿಗೆಯೆಲ್ಲ ಅವಳ ನಾಲಿಗೆಯಾಯಿತು. ಹೆಸರುವಾಸಿ ತೋಟದ ವೈನಿಗಿಂತ ಬೆಟ್ಟದ ಆಚೆ ಬದಿಯ ಹೆಸರಿಲ್ಲದ ತೋಟದ್ದೇ ಸರಿ, ಬಾಟ್ಲಿಗೆ ಅಂಟಿಸಿದ ಚೀಟಿಯ ಮೇಲೆ ಉದ್ದುದ್ದ ಕತೆ ಬರೆದ ವಿಸ್ಕಿಯಲ್ಲಿ ಕತೆಯೇ ಜಾಸ್ತಿ, ಇಂಥವೆಲ್ಲ ಅವಳಿಗೆ ಬಾಯಿಪಾಠ. ಜನ ಚೀಟಿ ಓದುವುದನ್ನೇ ಬಿಟ್ಟು ಕತ್ತು ನೋಡತೊಡಗಿದರು. ಕತ್ತಿನ ತುಂಬ ಬ್ಯಾಂಡ್ ಇದ್ದು ಬೆಲೆ ಕಡಿಮೆ ಇದ್ದರೆ ಕಣ್ಣುಮುಚ್ಚಿ ಒಯ್ಯುತ್ತಿದ್ದರು. ಕುಡಿಯದವಳ ಮಾತನ್ನು ಕುಡಿಯುವವರು ನಂಬುತ್ತಿದ್ದರಲ್ಲ, ಅವಳು ಇಷ್ಟು ವರ್ಷದಲ್ಲಿ ಸಂಪಾದಿಸಿದ್ದು ಅದೊಂದೇ. ಅದರ ಬಗ್ಗೆ ಅವಳಿಗೆ ಜಂಬವೂ ಇತ್ತು. ಇರಬಾರದೇಕೆ?

ಹೀಗಿರುವಾಗ ಭಾವ ಒಂದು ಎಡವಟ್ಟು ಮಾಡಿಕೊಂಡ. ಟೈ ಕಟ್ಟಿಕೊಂಡು ಬಂದ ಮಾರಾಟದವನ ಬೆಣ್ಣೆ ಮಾತಿಗೆ ಮರುಳಾಗಿ ಕೆಂಪು ವೈನಿನ ರಟ್ಟಿನ ಡಬ್ಬಗಳನ್ನು ರಾಶಿ ರಾಶಿ ಇಳಿಸಿಕೊಂಡ. ಇಳಿಸಿದ್ದು ಎಲ್ಲಿಗೆ? ಹಿಂದಿನ ತಗಡಿನ ಶೆಡ್ಡಿಗೆ. ಬೇಸಿಗೆಯೆಲ್ಲ ವೈನು ಅಲ್ಲೇ ಬೆಂದಿತು. ಒಯ್ದವರು ಒಬ್ಬರೂ ಖಾಲಿ ಬಾಟ್ಲಿ ತರಲಿಲ್ಲ.

"ನೋಡಮ್ಮಾ, ಅದಕ್ಕೂ ನಾಲ್ಕು ಬ್ಯಾಂಡ್ ಹಾಕ್ಬಿಡು. ಹೋಗ್ಲಿ ಪಾಪ" ಎಂದ ಭಾವ, ವೈನಿಗೇ ಕನಿಕರ ತೋರಿಸುವವನಂತೆ.

"ಯಾರೂ ಹೇಳಿಲ್ವಲ್ಲ ಭಾವ."

"ನಾನು ಹೇಳ್ತಿದೀನಲ್ಲ!"

"ನೀವು ಕುಡಿದು ನೋಡಿದ್ರಾ?"

ಭಾವ ಸಂಜೆ ಒಂದು ಪೆಗ್ ವಿಸ್ಕಿ ಬಿಟ್ಟರೆ ಬೇರೇನೂ ಮುಟ್ಟುವವನಲ್ಲ. ಮುಖ ಗಂಟು ಹಾಕಿಕೊಂಡು ಒಳಗೆ ಹೋದ. ಅಂಗಡಿ ಅವನದು, ಅನ್ನವೂ ಅವನದೇ. ಆದರೂ ಅವಳು ಬ್ಯಾಂಡ್ ಹಾಕಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಊಟ ಮುಗಿಸಿ ಬಂದು ನೋಡುತ್ತಾಳೆ, ಕೆಂಪು ವೈನಿನ ಕತ್ತಿನಲ್ಲೆಲ್ಲ ಬ್ಯಾಂಡುಗಳು! ಮಕ್ಕಳಿಗೆ ಬಳೆ ತೊಡಿಸಿದ ಹಾಗೆ ಒತ್ತೊತ್ತಾಗಿ. ಭಾವ ಗಲ್ಲಾದಲ್ಲಿ ಕೂತು ಬೀಗುತ್ತಿದ್ದ.

"ನೋಡಿದ್ಯಾ, ಹಾಕಿದ ತಕ್ಷಣ ಒಂದು ಹೋಯ್ತು. ನಿನ್ನ ಟೈಲರ್ ಮಾಸ್ಟ್ರೇ ಒಯ್ದ್ರು."

ಟೈಲರ್ ಮಾಸ್ಟ್ರು ಎಂದರೆ ಪಕ್ಕದ ಬೀದಿಯ ಮುದುಕ. ಹೊಲಿಗೆ ಬಿಟ್ಟು ಬಹಳ ಕಾಲವಾಗಿತ್ತು, ಹೆಸರು ಮಾತ್ರ ಉಳಿದಿತ್ತು. ಅವಳ ಬ್ಯಾಂಡ್ ನೋಡದೆ ಒಂದು ಬಾಟ್ಲಿ ಒಯ್ದವರಲ್ಲ. ಪ್ರತಿ ಸಲ ತಪ್ಪದೆ ಖಾಲಿ ಬಾಟ್ಲಿ ತಂದು "ಅಮೃತ ಕಣಕ್ಕ" ಎನ್ನುತ್ತಿದ್ದರು. ಅವರ ಹೆಂಡತಿಗೆ ಕಣ್ಣಿನ ಪೊರೆ ತೆಗೆಸಿದ್ದರು. ಇವತ್ತು ಪಟ್ಟಿ ಬಿಚ್ಚುವ ದಿನ. ಅವತ್ತು ಸಂಜೆ ಇಬ್ಬರೂ ಒಂದೊಂದು ಲೋಟ ವೈನು ಕುಡೀತೀವಿ ಎಂದು ವಾರದಿಂದ ಹೇಳುತ್ತಿದ್ದರು. ಅವರಿಗೆಂದೇ ಒಂದು ಒಳ್ಳೆಯ ಬಾಟ್ಲಿ ಅವಳು ಎತ್ತಿಟ್ಟಿದ್ದಳು.

"ಥೂ, ಎಂಥ ಕೆಲಸ ಮಾಡಿದ್ರಿ ಭಾವ!" ಎಂದುಬಿಟ್ಟಳು. ಭಾವನ ಮೇಲೆ ದನಿ ಏರಿಸಿದ್ದು ಅದೇ ಮೊದಲು. ಎತ್ತಿಟ್ಟಿದ್ದ ಬಾಟ್ಲಿಯನ್ನು ಚೀಲಕ್ಕೆ ಹಾಕಿಕೊಂಡು, ಭಾವ "ಏ, ಎಲ್ಲಿಗೆ?" ಅನ್ನುತ್ತಿದ್ದರೂ ಕೇಳದೆ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಮಾಸ್ಟ್ರ ಮನೆಯಲ್ಲಿ ಒಂದೇ ಉದ್ದನೆಯ ಕೋಣೆ. ಕಿಟಕಿಯ ಕೆಳಗೆ ಹಳೆಯ ಹೊಲಿಗೆ ಯಂತ್ರ, ಅದರ ಮೇಲೆ ಬಟ್ಟೆ ಹಾಸಿ ಎರಡು ಲೋಟ ಇಟ್ಟಿದ್ದರು. ಹೆಂಡತಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಸಂಜೆಯವರೆಗೂ ಕಾಯದೆ ಬಾಟ್ಲಿ ಆಗಲೇ ತೆರೆದಿದ್ದರು.

"ಬಾ ಅಕ್ಕ, ಬಾ!" ಮಾಸ್ಟ್ರು ಎದ್ದು ನಿಂತರು. "ಏನು ವೈನು ಕೊಟ್ಟೆ ಕಣಕ್ಕ! ಅಮೃತ! ಇನ್ನೊಂದು ಬ್ಯಾಂಡ್ ಹಾಕು."

ಅವಳು ಅವರ ಲೋಟ ನೋಡಿದಳು. ಒಂದು ಗುಟುಕು ಬಿಟ್ಟರೆ ಹಾಗೇ ಇತ್ತು.

"ಮಾಸ್ಟ್ರೇ, ಅದು ನಾನು ಹಾಕಿದ ಬ್ಯಾಂಡ್ ಅಲ್ಲ. ಆ ವೈನು ಕೆಟ್ಟಿದೆ. ದಯವಿಟ್ಟು ನಿಜ ಹೇಳಿ."

"ಅಯ್ಯೋ, ಚೆನ್ನಾಗೇ..."

"ಸುಮ್ನಿರ್ರೀ" ಎಂದರು ಹೆಂಡತಿ. "ಪಾತ್ರೆ ಉಜ್ಜೋಕೆ ಲಾಯಕ್ಕು ಕಣಮ್ಮಾ ಇದು. ಇವರ ಮಾತು ನಂಬ್ಕೊಂಡು ಕೂತಿದೀಯಾ ನೀನು? ಇಷ್ಟು ದಿನ ನೀನು ಕೊಟ್ಟಿದ್ರಲ್ಲಿ ಅರ್ಧ ಇವರಿಗೆ ಹಿಡಿಸಿಲ್ಲ. ನಿನ್ನ ಮನಸ್ಸು ನೋಯುತ್ತೆ ಅಂತ ಸಿಂಕಿಗೆ ಸುರಿದು, ಬಾಟ್ಲಿ ತೊಳೆದು ತಂದುಕೊಡ್ತಿದ್ರು."

ಭಾವ ಹಾಕಿದ ಸುಳ್ಳು ಬ್ಯಾಂಡಿಗೆ ಬೆಂಕಿಯಾಗಿ ಓಡಿಬಂದವಳು ಬ್ಯಾಂಡಕ್ಕ. ಅವಳೇ ಹಾಕಿದವುಗಳಲ್ಲಿ ಸುಳ್ಳು ಎಷ್ಟೋ! ಮಾಸ್ಟ್ರ ಹಾಗೆ ಇನ್ನೆಷ್ಟು ಜನ ಸಿಂಕಿಗೆ ಸುರಿದಿದ್ದಾರೋ! ಕುರ್ಚಿ ಎಳೆದುಕೊಂಡು ಕೂತಳು.

"ಯಾಕೆ ಹೀಗೆ ಮಾಡಿದ್ರಿ ಮಾಸ್ಟ್ರೇ?"

ಮುದುಕರು ತಲೆ ತಗ್ಗಿಸಿ ಬಟ್ಟೆಯ ಅಂಚನ್ನು ಸವರತೊಡಗಿದರು. "ಏನು ಹೇಳ್ಲಿ ಅಕ್ಕ. ನಾನು ಹೊಲಿದ ಅಂಗಿ ಕಂಕುಳಲ್ಲಿ ಹಿಡೀತಿದ್ರೂ ಜನ ಚೆನ್ನಾಗಿದೆ ಮಾಸ್ಟ್ರೇ ಅಂತಿದ್ರು. ಆಮೇಲೆ ತಿರುಗಿ ಬರ್ತಾನೇ ಇರ್ಲಿಲ್ಲ. ಅಂಗಡಿ ಮುಚ್ಚೋವರೆಗೂ ಒಬ್ಬರೂ ಬಾಯಿ ಬಿಡ್ಲಿಲ್ಲ."

"ಗೊತ್ತಿದ್ದೂ ನೀವು ನಂಗೆ ಅದನ್ನೇ ಮಾಡಿದ್ರಲ್ಲ!"

ಅವಳ ಕಣ್ಣಲ್ಲಿ ನೀರು ತುಂಬಿತು. ಸಿಟ್ಟೂ ಬಂತು, ಆ ಮುದುಕರ ಮೇಲೆ ಅಯ್ಯೋ ಅಂತಲೂ ಅನಿಸಿತು. ಏನನ್ನಿಸಿತೋ, ಮುಂದಿದ್ದ ಲೋಟ ಎತ್ತಿ ಒಂದು ಗುಟುಕು ಕುಡಿದೇಬಿಟ್ಟಳು. ಮುಖ ಕಿವುಚಿತು, ಹಲ್ಲು ಜುಮ್ಮೆಂದಿತು, ಕೆಮ್ಮು ಬಂತು.

"ಥೂ! ಇದನ್ನ ಅಮೃತ ಅಂದ್ರಾ!"

ಹೆಂಡತಿ ಕನ್ನಡಕ ಅಲ್ಲಾಡುವಷ್ಟು ನಕ್ಕರು. ಬ್ಯಾಂಡಕ್ಕ ತಾನು ತಂದಿದ್ದ ಬಾಟ್ಲಿಯನ್ನು ಅವರ ಮುಂದಿಟ್ಟು, ಹಾಳು ವೈನಿನ ಬಾಟ್ಲಿಗೆ ಬಿರಡೆ ಒತ್ತಿ ಚೀಲಕ್ಕೆ ಹಾಕಿಕೊಂಡು ಎದ್ದಳು.

ಮರುದಿನ ಬೆಳಿಗ್ಗೆ ಭಾವ ಬಂದಾಗ ಅಂಗಡಿಯ ಬಾಟ್ಲಿಗಳೆಲ್ಲ ಬೋಳು ಕತ್ತು. ಬ್ಯಾಂಡುಗಳು ಡಬ್ಬಿಯ ತುಂಬ ಬಿದ್ದಿದ್ದವು.

"ಇದೇನಮ್ಮಾ ಇದು!"

"ಯಾವುದು ನಿಜ, ಯಾವುದು ಸುಳ್ಳು ಗೊತ್ತಾಗ್ಲಿಲ್ಲ ಭಾವ. ಎಲ್ಲ ತೆಗೆದೆ. ಇನ್ಮೇಲೆ ಖಾಲಿ ಬಾಟ್ಲಿ ಬೇಡ. ಹಿಡಿಸದಿದ್ರೆ ಉಳಿದಿದ್ದನ್ನ ತನ್ನಿ ಅಂತ ಹೇಳ್ತೀನಿ. ನೀವು ಬೇಡ ಅನ್ನೋದಾದ್ರೆ ಹೇಳಿ, ಇವತ್ತೇ ಗಲ್ಲಾ ಬಿಟ್ಟು ಇಳೀತೀನಿ." ಹಾಳು ವೈನನ್ನು ಲೋಟಕ್ಕೆ ಬಗ್ಗಿಸಿ ಅವನ ಮುಂದೆ ಸರಿಸಿದಳು. "ಮೊದಲು ಇದನ್ನ ಕುಡೀರಿ."

ಭಾವ ಕುಡಿದ. ಗಂಟಲಲ್ಲಿ ಇಳಿಸಲೂ ಆಗದೆ, ಉಗುಳಲೂ ಆಗದೆ ಕೆನ್ನೆ ಉಬ್ಬಿಸಿಕೊಂಡು ಸ್ವಲ್ಪ ಹೊತ್ತು ನಿಂತ. ಆಮೇಲೆ ಆ ವೈನಿನ ಬಾಟ್ಲಿಗಳನ್ನು ತಾನೇ ಕಪಾಟಿನಿಂದ ತೆಗೆದು ಡಬ್ಬಕ್ಕೆ ಜೋಡಿಸತೊಡಗಿದ.

ಅಷ್ಟರಲ್ಲಿ ಬಾಗಿಲಲ್ಲಿ ಟೈಲರ್ ಮಾಸ್ಟ್ರು ಕಾಣಿಸಿದರು. ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತಿದ್ದರು. ಕೊನೆಗೆ ಬಂದು, ಬಟ್ಟೆ ಚೀಲದಿಂದ ನಿನ್ನೆ ಅವಳು ಇಟ್ಟುಬಂದ ಬಾಟ್ಲಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಒಂದೆರಡು ಲೋಟದಷ್ಟು ಬಿಟ್ಟರೆ ಹಾಗೇ ಇತ್ತು. ಅಂಗಡಿಯಲ್ಲೇ ಅತಿ ಹೆಚ್ಚು ಬ್ಯಾಂಡ್ ಇದ್ದ ವೈನು ಅದು.

"ಅಕ್ಕ... ಇದು..." ಎಂದು ನಿಲ್ಲಿಸಿದರು. ಬಾಟ್ಲಿಯನ್ನು ಅವಳತ್ತ ಇನ್ನಷ್ಟು ಸರಿಸಿದರು. "ಇದೂ ಹಿಡಿಸ್ಲಿಲ್ಲ."

ಬ್ಯಾಂಡಕ್ಕನಿಗೆ ಚುಚ್ಚಿತು. ಸುಳ್ಳು ಯಾಕೆ, ಚೆನ್ನಾಗಿಯೇ ಚುಚ್ಚಿತು. ಆದರೆ ಮುದುಕರು ಚೀಲ ಮುದುರಿಕೊಂಡು ನಿಂತೇ ಇದ್ದುದು ಕಂಡಿತು. ತಾನು ಕೂರುತ್ತಿದ್ದ ಎತ್ತರದ ಸ್ಟೂಲನ್ನು ಎಳೆದು ಅವರ ಹತ್ತಿರ ಇಟ್ಟಳು.

"ಕೂತ್ಕೊಳ್ಳಿ ಮಾಸ್ಟ್ರೇ. ನಿಧಾನವಾಗಿ ಹೇಳಿ, ಏನು ಹಿಡಿಸ್ಲಿಲ್ಲ?"

ಮಾಸ್ಟ್ರು ಕೂತು ಹೇಳತೊಡಗಿದರು. ಅವಳು "ಹೂಂ, ಆಮೇಲೆ?" ಎನ್ನುತ್ತಾ, ಉಸ್ಸಪ್ಪಾ ಎಂದು ಬಗ್ಗಿ, ಕೆಳಗಿನ ಸಾಲಿಗೆ ಕೈಹಾಕಿದಳು.